ಲಾರ್ಕ್‌ಫೀಲ್ಡ್ ಹಡಗಿನ ಐದು ಹೆಸರು

ಮೂಕಿ ಚಿತ್ರಗಳು ಮೂಕವಲ್ಲ. ಇದನ್ನು ಕಂಡುಹಿಡಿದದ್ದು ನಮ್ಮ ಡಾಕ್ಟರ್ ಸಿಕ್ವೇರಾ. ಕಂಡುಹಿಡಿದ ದಿನ ಅವರು ನಮ್ಮ ಹಳೆಯ ಫಿಲ್ಮು ಕೇಂದ್ರದವರಿಗೆಲ್ಲ ಕೇಕ್ ಹಂಚಿದರು, ನಾನು ಒಬ್ಬಳೇ ಮೂಲೆಯಲ್ಲಿ ಕೂತು ಬೇಸರಪಟ್ಟೆ. ಇಪ್ಪತ್ತಾರು ವರ್ಷಗಳಿಂದ ಹಳೆಯ ಫಿಲ್ಮುಗಳನ್ನು ತೊಳೆದು, ಒರೆಸಿ, ತುಂಡಾದದ್ದನ್ನು ಅಂಟಿಸಿ ಬದುಕಿದವಳು ನಾನು. ಆ ಕೆಲಸದಲ್ಲಿ ಒಂದು ಸುಖವಿತ್ತು. ಅಲ್ಲಿಯ ಜನ ಬಾಯಿ ತೆರೆಯುತ್ತಾರೆ, ಕೈ ಬೀಸುತ್ತಾರೆ, ಆದರೆ ನಮ್ಮ ತಲೆ ತಿನ್ನುವುದಿಲ್ಲ. ಆ ಸುಖ 2034ರ ಮಾರ್ಚ್ ತಿಂಗಳಿಗೆ ಮುಗಿಯಿತು.

ಆ ಸ್ವರ ಹೊರತೆಗೆಯುವ ಯಂತ್ರದ ಒಳಗುಟ್ಟು ಕಷ್ಟದ್ದೇನಲ್ಲ. ಹಳೆಯ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಅರ್ಧ ಕತ್ತರಿಸಿದ ಒಂದು ತಟ್ಟೆ ತಿರುಗುತ್ತಿರುತ್ತದೆ. ಅದರ ಅಂಚು ಫಿಲ್ಮಿನ ಮೇಲೆ ಪರದೆ ಸರಿಸಿದ ಹಾಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತದೆ. ಹಾಗಾಗಿ ಒಂದು ಫ್ರೇಮ್ ಎಂದರೆ ಒಂದು ಕ್ಷಣವಲ್ಲ. ಎಡಬದಿಯದ್ದು ಒಂದು ಕ್ಷಣ, ಬಲಬದಿಯದ್ದು ಅದರ ನಂತರದ್ದು, ನಡುವೆ ಸಾವಿರಾರು ತೆಳು ಕ್ಷಣಗಳು. ಯಾರಾದರೂ ಗಟ್ಟಿಯಾಗಿ ಕೂಗಿದರೆ ಹತ್ತಿರದ ಬಿಗಿದ ಹಗ್ಗ, ಎಳೆದು ಕಟ್ಟಿದ ಬಟ್ಟೆ ಕಣ್ಣಿಗೆ ಕಾಣದಷ್ಟು ನಡುಗುತ್ತವೆ. ಆ ನಡುಕ ಫ್ರೇಮಿನ ಉದ್ದಕ್ಕೂ ಉಳಿದಿರುತ್ತದೆ. ಅದನ್ನು ಅಳೆದು ಸ್ಪೀಕರಿಗೆ ಕೊಟ್ಟರೆ, ನೂರು ವರ್ಷದ ಹಿಂದಿನ ಕೂಗು ಕೇಳುತ್ತದೆ.

ಒಂದೇ ತೊಂದರೆ. ತಟ್ಟೆ ತಿರುಗುವಾಗ ಅರ್ಧ ಹೊತ್ತು ಬೆಳಕು ಮುಚ್ಚಿಹೋಗುತ್ತದೆ. ಅಂದರೆ ಸಿಗುವುದು ಅರ್ಧ ಮಾತು ಮಾತ್ರ. ಉಳಿದರ್ಧವನ್ನು ಯಂತ್ರ ಆಚೆ ಈಚೆ ನೋಡಿ ಊಹಿಸಿ ತುಂಬುತ್ತದೆ. ಇದಕ್ಕಾಗಿ ಸಿಕ್ವೇರಾ ಒಂದು ಕಟ್ಟುನಿಟ್ಟು ಮಾಡಿದ್ದರು: ಫಿಲ್ಮಿನಲ್ಲಿ ಸಿಕ್ಕಿದ್ದು ಎಡಗಿವಿಗೆ, ಯಂತ್ರ ಊಹಿಸಿದ್ದು ಬಲಗಿವಿಗೆ. ಎರಡನ್ನೂ ಕಲಸಿ ಸ್ಪೀಕರಿನಲ್ಲಿ ಕೇಳಿಸುವುದು ಹೊರಗಿನವರಿಗೆ ಮಾತ್ರ, ಅದೂ ನಮ್ಮ ತೀರ್ಮಾನ ಆದ ಮೇಲೆ.

"ವಾರಿಜಾ, ಜನರಿಗೆ ಬೇಕಾದ್ದು ಬೇರೆ, ಅಲ್ಲಿ ಉಂಟಾದ್ದು ಬೇರೆ. ನಾವು ಉಂಟಾದ್ದರ ಆಳುಗಳು," ಎನ್ನುತ್ತಿದ್ದರು. ಒಳ್ಳೆಯ ಮಾತು. ಹೇಳಿದವರು ಆಗಾಗ ವಿಮಾನ ಹತ್ತಿ ಸಮ್ಮೇಳನಗಳಿಗೆ ಹೋಗುತ್ತಿದ್ದರು. ಆಳಾಗಿ ಮಂಗಳೂರಿನ ಬಂದರಿನಲ್ಲಿ ಹಳೆಯ ಹೆಂಚಿನ ಗೋದಾಮಿನೊಳಗೆ ಉಳಿಯುತ್ತಿದ್ದವಳು ನಾನು.

ಆ ವರ್ಷ ನಮಗೆ ಬಂದದ್ದು ಮೊದಲನೆಯ ಮಹಾಯುದ್ಧದ ರೀಲುಗಳು. ಜಲಾಂತರ್ಗಾಮಿಗಳು ಆಗಿನ್ನೂ ಹೊಸತು. ನೀರಿನೊಳಗಿಂದ ಬಿಡುವ ಟಾರ್ಪೆಡೊ ದುಬಾರಿ, ಹಡಗೊಂದರಲ್ಲಿ ಇರುತ್ತಿದ್ದದ್ದೂ ನಾಲ್ಕಾರು. ಹಾಗಾಗಿ ಸಣ್ಣ ಸರಕು ಹಡಗು ಕಂಡರೆ ಜಲಾಂತರ್ಗಾಮಿ ಮೇಲಕ್ಕೆ ಬಂದು, ಒಂದೆರಡು ಗುಂಡು ಹಾರಿಸಿ, ಜನರನ್ನು ದೋಣಿಗಿಳಿಸಿ, ಆಮೇಲೆ ಹಡಗನ್ನು ಮುಳುಗಿಸುತ್ತಿತ್ತು. ಸಾಲದ್ದಕ್ಕೆ ಅದನ್ನೆಲ್ಲ ಫಿಲ್ಮು ತೆಗೆಯುತ್ತಿದ್ದರು, ತಮ್ಮೂರಲ್ಲಿ ಚಪ್ಪಾಳೆ ಗಿಟ್ಟಿಸಲಿಕ್ಕೆ. ಮೂವತ್ತೊಂದು ರೀಲು. ಯುರೋಪಿನ ಒಂದು ಸಂಗ್ರಹಾಲಯದವರು ಪ್ರತಿ ಕಳಿಸಿ, ಏನಾದರೂ ಕೇಳುತ್ತದೆಯೇ ನೋಡಿ ಎಂದಿದ್ದರು.

ಕೇಳುತ್ತಿತ್ತು. ಎಲ್ಲದರಲ್ಲೂ ಮೊದಲು ಕೇಳುವುದು ಕ್ಯಾಮೆರಾದವನ ಗುನುಗು. ಆಗ ಕ್ಯಾಮೆರಾಕ್ಕೆ ಮೋಟಾರಿಲ್ಲ, ಕೈಯಲ್ಲಿ ಹಿಡಿ ತಿರುಗಿಸಬೇಕು, ಒಂದೇ ವೇಗದಲ್ಲಿ. ವೇಗ ತಪ್ಪದಿರಲೆಂದು ಅವರು ಯಾವುದಾದರೂ ನಡಿಗೆಯ ಹಾಡು ಗುನುಗುತ್ತಿದ್ದರು. ಹಡಗು ಮುಳುಗುತ್ತಿದೆ, ಜನ ಕೂಗುತ್ತಿದ್ದಾರೆ, ಇವನು ಹ್ಮ್ ಹ್ಮ್ ಹ್ಮ್ ಎಂದು ತಾಳ ತಪ್ಪದೆ ಹಾಡುತ್ತಿದ್ದಾನೆ. ಮೊದಮೊದಲು ಅವನ ಮೇಲೆ ಕೆಂಡದಂಥ ಸಿಟ್ಟು ಬರುತ್ತಿತ್ತು. ತಿಂಗಳು ಕಳೆಯುವಾಗ ಅವನೊಬ್ಬನೇ ನನ್ನ ಜೊತೆಗಾರ ಅನ್ನಿಸತೊಡಗಿತು. ಮನೆಯಲ್ಲಿ ಅಡುಗೆ ಮಾಡುವಾಗ ಅವನ ಹಾಡು ನನ್ನ ಬಾಯಿಗೆ ಬಂದು ಬೆಚ್ಚಿಬಿದ್ದದ್ದೂ ಉಂಟು.

ನಮ್ಮ ಕೇಂದ್ರದವರು ರೀಲುಗಳಲ್ಲಿ ಕಂಡ ಹಡಗುಗಳ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸಿದರು. ಕರಾವಳಿಯ ಎಷ್ಟೋ ಜನ ಆ ಕಾಲದಲ್ಲಿ ಬಿಳಿಯರ ಹಡಗಿನಲ್ಲಿ ಖಲಾಸಿಗಳಾಗಿ ಹೋದವರು. ಯಾರಿಗಾದರೂ ಸಂಬಂಧವಿದ್ದರೆ ಬರಲಿ ಎಂಬ ಯೋಚನೆ. ಮೂರು ವಾರ ಯಾರೂ ಬರಲಿಲ್ಲ. ನಾಲ್ಕನೆಯ ವಾರ ಒಬ್ಬಾಕೆ ಬಂದರು.

ಎಂಬತ್ತು ದಾಟಿದ ಬ್ಯಾರಿ ಮುದುಕಿ. ಬಿಳಿ ತಟ್ಟ ತಲೆಗೆ ಹೊದ್ದು, ಕೈಯಲ್ಲಿ ಪತ್ರಿಕೆಯ ತುಂಡು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊಳೆಯಾಚೆಯ ಕಡವುಬೆಂಗ್ರೆಯಿಂದ ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಒಬ್ಬರೇ ಬಂದದ್ದು.

"ಲಾರ್ಕಪಿಲ್ ಹಡಗಿನ ಆಫೀಸು ಇದಾ?"

ನಗು ತಡೆದುಕೊಂಡೆ. "ಲಾರ್ಕ್‌ಫೀಲ್ಡ್. ಹೌದು, ಬನ್ನಿ. ನಿಮ್ಮ ಹೆಸರು?"

"ಬೀಪಾತುಮ್ಮ. ಆ ಹಡಗಿನ ಸೆರಾಂಗ್ ಚೆಯ್ಯಬ್ಬ ನನ್ನ ಅಜ್ಜ."

ಸೆರಾಂಗ್ ಎಂದರೆ ಖಲಾಸಿಗಳ ಮೇಸ್ತ್ರಿ. ಆಗಿನ ಕ್ರಮದಲ್ಲಿ ಹಡಗಿಗೆ ಜನ ಸೇರಿಸುವವನೇ ಅವನು. ತನ್ನ ಊರಿನ ಮನೆ ಮನೆಗೆ ಹೋಗಿ, ಹುಡುಗರ ತಂದೆಗೆ ಕೈಮುಟ್ಟಿ ಮಾತು ಕೊಟ್ಟು, ಕರೆದುಕೊಂಡು ಹೋಗುವುದು. ಬೀಪಾತುಮ್ಮ ನೀರು ಕುಡಿದು ಉಳಿದದ್ದನ್ನು ಹೇಳಿದರು. ನಮ್ಮ ಮಾತು ತುಳು, ಕನ್ನಡ ಎರಡೂ ಕಲಸಿ ನಡೆಯಿತು.

"ನಮ್ಮ ಬೆಂಗ್ರೆಯಲ್ಲಿ ಒಂದು ಕಟ್ಟು ಇತ್ತು. ಹಡಗು ಮುಳುಗುದು ಅಂತ ಆದ್ರೆ ಸೆರಾಂಗ್ ಕೊನೇ ದೋಣಿಯಲ್ಲಿ ನಿಂತು ಊರಿನ ಒಬ್ಬೊಬ್ಬನ ಹೆಸರು ಮೂರು ಮೂರು ಸಲ ಕರೀಬೇಕು. ಮೂರನೇ ಸಲಕ್ಕೂ ಉತ್ತರ ಬಾರದಿದ್ರೆ ಮಾತ್ರ ಹಗ್ಗ ಬಿಡ್ಬಹುದು. ಉತ್ತರ ಬಂದ್ರೆ ಬಿಡ್ಲಿಕ್ಕೆ ಇಲ್ಲ, ತಾನು ಸತ್ರೂ."

"ನಿಮ್ಮ ಅಜ್ಜ?"

"ನಮ್ಮ ಊರಿನ ಐದು ಜನ ಆ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು. ಐದೂ ಜನ ಹೋದ್ರು. ಅಜ್ಜ ಒಬ್ರೇ ಬಂದದ್ದು. ದೋಣಿಯಲ್ಲಿದ್ದ ಬಾಕಿಯವರು ಗೋವಾದವರು, ರತ್ನಾಗಿರಿಯವರು, ಅವರವರ ಊರಿಗೆ ಹೋದ್ರು. ಸಾಕ್ಷಿ ಹೇಳ್ಲಿಕ್ಕೆ ಯಾರಿದ್ದಾರೆ? ಚೆಯ್ಯಬ್ಬ ಕರೀಲೇ ಇಲ್ಲ, ಜೀವ ಉಳಿಸಿ ಓಡಿ ಬಂದ ಅಂತ ಊರು ಹೇಳಿತು. ನಮ್ಮ ಮನೆಗೆ ಹೆಸರು ಏನು ಗೊತ್ತುಂಟಾ? ಕರೆಯದವನ ಮನೆ. ಈಗಲೂ ಅದೇ. ಕರೆಂಟಿನವನಿಗೂ ಹಾಗೆ ಹೇಳಿದ್ರೆ ಗೊತ್ತಾಗುದು."

ಖಾಲಿಯಾದ ಲೋಟಕ್ಕೆ ಪುನಃ ನೀರು ತುಂಬಿಸಿ ಕೊಟ್ಟೆ.

"ಮೂರು ಸಂಬಂಧ ಬಂದಿತ್ತು ನನಗೆ. ಮೂರೂ ಬಾಗಿಲ ತನಕ ಬಂದು ವಾಪಸು ಹೋಯ್ತು. ಬೀಡಿ ಕಟ್ಟಿದೆ, ಅರುವತ್ತು ವರ್ಷ. ಅದು ಬಿಡಿ. ಅಲ್ಲಿ ಎಂತ ಆಯ್ತು ಅಂತ ನಿಮ್ಮ ಮಿಷನಲ್ಲಿ ಕೇಳ್ತದಂತೆ ಅಲ್ವಾ? ನನಗೆ ಅದು ಕೇಳ್ಬೇಕು ಮೋಳೇ. ಬೇರೆ ಎಂತ ಬೇಡ." ಮೋಳೇ ಎಂದರೆ ಬ್ಯಾರಿ ಮಾತಿನಲ್ಲಿ ಮಗಳೇ.

"ಅಜ್ಜ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಆಕೆ ಲೋಟ ಕೆಳಗಿಟ್ಟರು. "ಅದು ಮತ್ತೆ ಹೇಳ್ತೇನೆ. ಮೊದಲು ಮಿಷನ್ ಹೇಳ್ಲಿ. ಹೆಸರು ಮಾತ್ರ ಬರ್ಕೊಳ್ಳಿ. ಹಮ್ಮಬ್ಬ, ಪುತ್ತಬ್ಬ, ಸೂಫಿ, ಕುಂಞಿಮೋನು, ಇದಿನಬ್ಬ."

ಬರೆದುಕೊಂಡೆ. ಹತ್ತು ದಿನ ಬಿಟ್ಟು ಬನ್ನಿ ಎಂದೆ. ಹೋಗುವಾಗ ಯಂತ್ರದ ಕೋಣೆಯ ಬಾಗಿಲಿನತ್ತ ಇಣುಕಿ ನೋಡಿದರು, ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯನ್ನು ನೋಡುವ ಹಾಗೆ.

ಲಾರ್ಕ್‌ಫೀಲ್ಡ್ ಇದ್ದದ್ದು ಹತ್ತೊಂಬತ್ತನೆಯ ರೀಲಿನಲ್ಲಿ. ಎರಡು ನಿಮಿಷ ಹನ್ನೊಂದು ಸೆಕೆಂಡಿನ ತುಣುಕು. ಜಲಾಂತರ್ಗಾಮಿಯ ಮೇಲುಗಡೆ ನಿಂತು ತೆಗೆದದ್ದು. ಹಡಗು ಹಿಂಬದಿಯಿಂದ ಕುಸಿಯುತ್ತಿದೆ. ಒಂದು ದೋಣಿ ದೂರ ಹೋಗಿದೆ. ಇನ್ನೊಂದು ದೋಣಿ ಹಡಗಿಗೆ ಕಟ್ಟಿದ ಹಗ್ಗದಲ್ಲೇ ಇದೆ, ಅದರಲ್ಲಿ ಇಪ್ಪತ್ತಮೂರು ಜನ. ಎಣಿಸಿದೆ. ನಡುವೆ ಒಬ್ಬ ಗಿಡ್ಡ ಮನುಷ್ಯ ತಲೆಗೆ ಮುಂಡಾಸು ಸುತ್ತಿ ನಿಂತಿದ್ದಾನೆ, ಬಾಯಿಗೆ ಎರಡೂ ಅಂಗೈ ಹಿಡಿದಿದ್ದಾನೆ.

ಅಷ್ಟು ನೋಡಿಯೇ ನನಗೆ ಎದೆ ಹಗುರಾಯಿತು. ಕರೆಯದವನು ಬಾಯಿಗೆ ಕೈ ಯಾಕೆ ಹಿಡಿಯುತ್ತಾನೆ? ಇನ್ನು ಅದನ್ನು ಕೇಳಿಸಿದರೆ ಆಯಿತು. ಹಗ್ಗ ಫ್ರೇಮಿನ ಅಡ್ಡಕ್ಕೆ ಬಿಗಿದು ನಿಂತಿತ್ತು. ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಮೂರು ದಿನ ಕೂತೆ. ಕ್ಯಾಮೆರಾದವನ ಗುನುಗಿನಿಂದ ವೇಗ ಸರಿಮಾಡಿಕೊಂಡೆ, ಅಲೆಯ ಸದ್ದು ತೆಗೆದೆ, ಎಂಜಿನ್ನಿನ ಗುಡುಗುಡು ತೆಗೆದೆ. ನಾಲ್ಕನೆಯ ದಿನ ಮಧ್ಯಾಹ್ನ ಎಡಗಿವಿಯಲ್ಲಿ ಒಬ್ಬ ಮನುಷ್ಯ ಗಂಟಲು ಹರಿಯುವ ಹಾಗೆ ಕೂಗಿದ.

ಹಮ್ಮಬ್ಬಾ.

ಆಮೇಲೆ ಪುತ್ತಬ್ಬ. ಸೂಫಿ. ಕುಂಞಿಮೋನು. ಇದಿನಬ್ಬ. ಪುನಃ ಮೊದಲಿನಿಂದ. ಪುನಃ ಮೊದಲಿನಿಂದ. ಮೂರು ಸುತ್ತು, ಹದಿನೈದು ಕೂಗು, ಒಂದೂ ತಪ್ಪಿರಲಿಲ್ಲ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಖಾಲಿ ಗೋದಾಮಿನಲ್ಲಿ ಅದು ದೊಡ್ಡದಾಗಿ ಕೇಳಿಸಿ ನನಗೇ ನಾಚಿಕೆಯಾಯಿತು. ಆಗಲೇ ದೋಣಿಗೆ ಓಡಿ ಬೀಪಾತುಮ್ಮನ ಮನೆಗೆ ಹೋಗಿ ಹೇಳಬೇಕು ಅನ್ನಿಸಿತು.

ಹೋಗಿದ್ದರೆ ಚೆನ್ನಾಗಿತ್ತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ ಬಿಡುವುದಿಲ್ಲ. ಒಂದು ಚಿತ್ರದಲ್ಲಿ ನಡುಗುವಂಥದ್ದು ಏನೇನಿದೆಯೋ ಎಲ್ಲವನ್ನೂ ಅಳೆದು ಮುಗಿಸಬೇಕು, ಅದು ನಮ್ಮ ಕ್ರಮ. ಹಡಗಿನ ಮೇಲೆ, ಹಗ್ಗ ಕಟ್ಟಿದ ಜಾಗದ ಹಿಂದೆ, ಕೆಳಗಿನ ಬಾಯ್ಲರ್ ಕೋಣೆಗೆ ಗಾಳಿ ಹೋಗುವ ದೊಡ್ಡ ಕೊಳವೆಯಿತ್ತು. ಅದರ ಬಾಯಿಗೆ ಕ್ಯಾನ್ವಾಸ್ ಎಳೆದು ಕಟ್ಟಿದ್ದರು. ಕೊನೆಗೆ ಅದೊಂದು ಉಳಿದಿತ್ತು. ಆರಿಸಿದೆ, ಅಳೆದೆ, ಎಡಗಿವಿಗೆ ಹಾಕಿದೆ.

ಹಮ್ಮಬ್ಬಾ ಎಂದು ಹಗ್ಗ ಕೂಗಿತು. ಓ ಎಂದು ಕ್ಯಾನ್ವಾಸ್ ಹೇಳಿತು. ಬಾಯ್ಲರ್ ಕೋಣೆಯಲ್ಲಿ ಸಿಕ್ಕಿಬಿದ್ದವರ ಸ್ವರ ಕೊಳವೆ ಹತ್ತಿ ಬಂದಿತ್ತು.

ಮೊದಲ ಸುತ್ತಿನಲ್ಲಿ ಐದು ಹೆಸರಿಗೆ ಐದು ಓ. ಎರಡನೆಯ ಸುತ್ತಿನಲ್ಲಿ ಮೂರು. ಮೂರನೆಯ ಸುತ್ತಿನಲ್ಲಿ ಹಮ್ಮಬ್ಬನಿಗೆ ಇಲ್ಲ, ಪುತ್ತಬ್ಬನಿಗೆ ಇಲ್ಲ, ಸೂಫಿಗೆ ಇಲ್ಲ, ಕುಂಞಿಮೋನುವಿಗೆ ಇಲ್ಲ. ಇದಿನಬ್ಬ ಎಂದಾಗ ಒಂದು ಓ ಬಂತು, ಉದ್ದಕ್ಕೆ, ಕರೆದದ್ದಕ್ಕೆ ಸಂತೋಷವಾದ ಹಾಗೆ. ಅದು ಮುಗಿಯುವ ಮೊದಲು ಗಿಡ್ಡ ಮನುಷ್ಯ ಬಗ್ಗಿದ. ಹಗ್ಗ ಕಡಿದು ನೀರಿಗೆ ಬಿತ್ತು. ದೋಣಿ ದೂರವಾಯಿತು. ಐವತ್ತು ಸೆಕೆಂಡಿನೊಳಗೆ ಹಡಗು ಇರಲಿಲ್ಲ. ಅದು ಎಳೆದುಕೊಳ್ಳುವ ಸುಳಿಯಲ್ಲಿ ಆ ದೋಣಿ ಖಂಡಿತ ಉಳಿಯುತ್ತಿರಲಿಲ್ಲ, ಅದರಲ್ಲಿದ್ದ ಇಪ್ಪತ್ತಮೂರು ಜನರೂ ಉಳಿಯುತ್ತಿರಲಿಲ್ಲ. ಕ್ಯಾಮೆರಾದವನು ಹ್ಮ್ ಹ್ಮ್ ಹ್ಮ್ ಎನ್ನುತ್ತಿದ್ದ.

ಊಹೆ ಇರಬಹುದೆಂದು ಬಲಗಿವಿ ತೆಗೆದುಹಾಕಿ ಪುನಃ ಕೇಳಿದೆ. ಊಹೆಯಲ್ಲ. ಅರ್ಧರ್ಧ ತುಂಡಾಗಿ, ಆದರೆ ಎಲ್ಲ ಓಗಳೂ ಎಡಗಿವಿಯಲ್ಲೇ ಇದ್ದವು.

ಆ ದಿನ ಬೇಗ ಬಾಗಿಲು ಹಾಕಿ ಮನೆಗೆ ಹೋದೆ. ಮನೆ ಎಂದರೆ ಹೊಯ್ಗೆಬಜಾರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬಿಸಿಲು ಇನ್ನೂ ಇತ್ತು. ಬಂಗುಡೆ ತಂದಿದ್ದೆ, ಅದನ್ನು ಶುಚಿ ಮಾಡಲು ಕೂತವಳು ಹಾಗೇ ಕೂತೆ. ನನಗೆ ಐವತ್ತೇಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದರೆ ಅಮ್ಮನನ್ನು ನೋಡಿಕೊಳ್ಳಲಿಕ್ಕೆ ಎಂದು ಹೇಳುತ್ತೇನೆ, ಅದರಲ್ಲಿ ಅರ್ಧ ನಿಜ. ಅಮ್ಮ ಹೋಗಿ ಹದಿನೆಂಟು ತಿಂಗಳಾಗಿತ್ತು. ಹೋದ ದಿನ ಅಮ್ಮ ಒಳಗಿಂದ "ವಾರಿಜಾ" ಎಂದು ಕರೆದದ್ದು ನನಗೆ ಕೇಳಿತ್ತು. ಓ, ಬಂದೆ ಎಂದೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅದನ್ನು ಇಳಿಸಿ, ಒರೆಸಿ, ಕೈ ತೊಳೆದು ಹೋದೆ. ಹೋಗುವಾಗ ಅಮ್ಮ ಇರಲಿಲ್ಲ. ಆಸ್ಪತ್ರೆಯ ಡಾಕ್ಟರು ಹೇಳಿದರು, ನೀವು ಆಗಲೇ ಹೋಗಿದ್ದರೂ ಏನೂ ಮಾಡಲಿಕ್ಕಾಗುತ್ತಿರಲಿಲ್ಲ ಎಂದು. ಗೊತ್ತು. ಆದರೂ ಆ ಸಾರನ್ನು ನಾನು ಆಮೇಲೆ ಮಾಡಿದ್ದಿಲ್ಲ.

ಕರೆದವರಿಗೆ ಓ ಎಂದು ಹೇಳಿ ಹೋಗದೆ ಇರುವುದು ಏನೆಂದು ನನಗೆ ಗೊತ್ತಿತ್ತು. ಓ ಎಂದು ಹೇಳಿದವನನ್ನು ಬಿಟ್ಟು ಹೋಗುವುದು ಅದಕ್ಕಿಂತ ದೊಡ್ಡದು. ಎಂಬತ್ತು ದಾಟಿದ ಒಂದು ಒಂಟಿ ಜೀವ, ಅಜ್ಜ ಕರೆದಿದ್ದನೇ ಎಂದು ಕೇಳಲು ದೋಣಿ ದಾಟಿ ಬಂದಿದೆ. ಕರೆದಿದ್ದ ಎಂದು ಹೇಳಬಹುದು. ಅದು ನಿಜ. ಅವರು ಉತ್ತರವನ್ನೂ ಕೊಟ್ಟರು, ನಿನ್ನ ಅಜ್ಜ ಆದರೂ ಹಗ್ಗ ಕಡಿದ ಎಂದು ಯಾಕೆ ಹೇಳಬೇಕು? ಊರಿನ ಕಟ್ಟಿನ ಪ್ರಕಾರ ಅದು ಕರೆಯದೆ ಬಂದದ್ದಕ್ಕಿಂತ ದೊಡ್ಡ ತಪ್ಪು. ಕರೆಯದವನ ಮನೆ ಎಂಬ ಹೆಸರು ಹೋಗಿ ಇನ್ನೊಂದು ಹೆಸರು ಬರಬೇಕೇ?

ಸಿಕ್ವೇರಾ ಆಗ ಲಿಸ್ಬನ್ನಿನಲ್ಲಿದ್ದರು. ಫೋನು ಕೈಗೆತ್ತಿಕೊಂಡೆ. ಅವರು ಏನು ಹೇಳುತ್ತಾರೆಂದು ಗೊತ್ತಿದ್ದ ಕಾರಣ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಬೀಪಾತುಮ್ಮನಿಗೆಂದು ಒಂದು ಪ್ರತಿ ಮಾಡಿದೆ. ಸುಳ್ಳು ಸೇರಿಸಲಿಲ್ಲ. ಅಳೆದ ವಸ್ತುಗಳ ಪಟ್ಟಿಯಲ್ಲಿ 'ಕ್ಯಾನ್ವಾಸ್' ಎಂಬುದರ ಮುಂದಿನ ಗುರುತು ತೆಗೆದೆ, ಅಷ್ಟೇ. ಯಂತ್ರ ಅದನ್ನು ಬಿಟ್ಟು ಉಳಿದದ್ದನ್ನು ಕಲಸಿ ಕೊಟ್ಟಿತು. ಕೂಗು, ಆಮೇಲೆ ಸಮುದ್ರ. ಕೂಗು, ಆಮೇಲೆ ಸಮುದ್ರ. ಕೇಳಲು ಎಷ್ಟು ಸರಿಯಾಗಿತ್ತೆಂದರೆ ನಿಜವಾಗಿ ಹಾಗೆಯೇ ಆದದ್ದು ಎಂದು ನನಗೇ ಅನ್ನಿಸಿತು.

ಹೇಳಿದ ದಿನಕ್ಕೆ ಬೀಪಾತುಮ್ಮ ಬಂದರು. ಹಬ್ಬದ ಸೀರೆ ಉಟ್ಟಿದ್ದರು. ಸ್ಪೀಕರಿನ ಹತ್ತಿರ ಕೂರಿಸಿದೆ, ಪರದೆಯಲ್ಲಿ ಚಿತ್ರ ಹಾಕಿದೆ. ಗಿಡ್ಡ ಮನುಷ್ಯ ಕಂಡಾಗ ಆಕೆ "ಅಲ್ಲಾ" ಎಂದರು. ಕೂಗು ಶುರುವಾಯಿತು. ಹದಿನೈದು ಕೂಗಿಗೂ ಆಕೆಯ ತುಟಿ ಅಲ್ಲಾಡುತ್ತಿತ್ತು. ಹಗ್ಗ ಕಡಿದು ಬಿತ್ತು, ಹಡಗು ಹೋಯಿತು, ಪರದೆ ಬೆಳ್ಳಗಾಯಿತು.

"ನೋಡಿದ್ರಾ, ಬೀಪಾತುಮ್ಮ? ಕರೆದಿದ್ದಾರೆ. ಐದೂ ಜನರನ್ನು. ಮೂರು ಮೂರು ಸಲ," ಎಂದೆ. ನನ್ನ ಸ್ವರದಲ್ಲಿ ಅಷ್ಟು ಸಂಭ್ರಮ ಎಲ್ಲಿಂದ ಬಂತೋ.

ಆಕೆ ಪರದೆಯನ್ನೇ ನೋಡುತ್ತಿದ್ದರು. "ಮತ್ತೆ?"

"ಮತ್ತೆಂತ?"

"ಇಷ್ಟೇ ಕೇಳುದಾ? ಬೇರೆ ಯಾವ ಸ್ವರ ಇಲ್ವಾ?"

"ಇಲ್ಲ," ಎಂದೆ. "ಕರೆದ್ರು, ಉತ್ತರ ಬರ್ಲಿಲ್ಲ, ಹಗ್ಗ ಬಿಟ್ರು. ನಿಮ್ಮ ಊರಿನ ಕಟ್ಟು ಹೇಗೆ ಉಂಟೋ ಹಾಗೇ ಮಾಡಿದ್ದಾರೆ. ಅವರದ್ದು ಎಂತ ತಪ್ಪಿಲ್ಲ."

ಬೀಪಾತುಮ್ಮ ಅಳುತ್ತಾರೆ, ನನ್ನ ಕೈ ಹಿಡಿಯುತ್ತಾರೆ ಎಂದು ಕಾದೆ. ಆಕೆ ಬಿಳಿ ತಟ್ಟದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಹಾಗಾದ್ರೆ ಅಜ್ಜ ಸುಳ್ಳು ಹೇಳಿದ್ದು," ಎಂದರು.

"ಸುಳ್ಳಾ? ಎಂತ ಸುಳ್ಳು? ಕರೆದಿದ್ದಾರಲ್ಲ."

"ಕರೆದದ್ದು ಸರಿ ಮೋಳೇ. ಉತ್ತರ ಬಂತು ಅಂತ ಅಜ್ಜ ಹೇಳಿದ್ರು."

ನನ್ನ ಕಣ್ಣು ಯಂತ್ರದ ಪಟ್ಟಿಯ ಕಡೆಗೆ ಹೋಯಿತು.

"ಊರಿಗೆ ಬಂದ ದಿನವೇ ಮಸೀದಿಯ ಅಂಗಳದಲ್ಲಿ ನಿಂತು ಹೇಳಿದ್ದಂತೆ. ಕರೆದೆ, ಓ ಅಂದ್ರು, ಆದ್ರೂ ಕಡಿದೆ, ದೋಣಿಯಲ್ಲಿ ಇಪ್ಪತ್ತಮೂರು ಜನ ಇದ್ರು, ನನಗೆ ಏನು ಮಾಡ್ತೀರಿ ಮಾಡಿ ಅಂತ. ಯಾರೂ ಒಪ್ಪಲಿಲ್ಲ. ಆ ಐದು ಮನೆಯ ಹೆಂಗಸರಿಗೆ ಅದು ಕೇಳ್ಲಿಕ್ಕೆ ಆಗ್ಲಿಲ್ಲ. ಓ ಅಂದವನನ್ನು ಯಾವ ಸೆರಾಂಗೂ ಬಿಡ್ಲಿಕ್ಕಿಲ್ಲ, ಇವ ಕರೀಲೇ ಇಲ್ಲ, ಈಗ ಕತೆ ಕಟ್ತಾನೆ ಅಂತ ಹೇಳಿದ್ರು. ಕರೆದೆ, ಉತ್ತರ ಬರ್ಲಿಲ್ಲ ಅಂತ ಅಜ್ಜ ಒಂದು ಮಾತು ಹೇಳಿದ್ರೆ ಸಾಕಿತ್ತು. ಎಲ್ಲ ಸರಿ ಆಗ್ತಿತ್ತು. ಉಪ್ಪ, ನನ್ನ ತಂದೆ, ಎಷ್ಟು ಸಲ ಅಜ್ಜನ ಕಾಲು ಹಿಡಿದಿದ್ರು, ಹಾಗೆ ಹೇಳಿಬಿಡಿ ಅಂತ. ಹೇಳ್ಲಿಲ್ಲ. ಅಜ್ಜ ಸಾಯುವಾಗ ನನಗೆ ಹನ್ನೊಂದು ವರ್ಷ. ನನ್ನ ಹತ್ರವೂ ಅದೇ ಹೇಳಿದ್ರು. ಮೊದಲ ಸುತ್ತಿಗೆ ಐದೂ ಜನ ಓ ಅಂದ್ರು. ಎರಡನೇ ಸುತ್ತಿಗೆ ಮೂರು ಜನ. ಮೂರನೇ ಸುತ್ತಿಗೆ ಇದಿನಬ್ಬ ಒಬ್ಬ."

ಐದು, ಮೂರು, ಒಂದು. ಎಡಗಿವಿಯಲ್ಲಿ ನಾನು ಕೇಳಿದ್ದೂ ಅದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಾನು ನಂಬಿದ್ದೆ," ಎಂದರು ಬೀಪಾತುಮ್ಮ. "ತನ್ನ ತಲೆಗೆ ತಾನೇ ಕಲ್ಲು ಹಾಕಿಕೊಳ್ಳುವ ಸುಳ್ಳನ್ನು ಯಾರಾದ್ರೂ ಹೇಳ್ತಾರಾ? ಆದ್ರೆ ಒಬ್ಬಳೇ ನಂಬಿ ಎಷ್ಟು ವರ್ಷ ಕೂತ್ಕೊಳ್ಳುದು? ಒಂದು ಸಲ ನನ್ನ ಕಿವಿಯಲ್ಲಿ ಕೇಳಿದ್ರೆ ಸಾಕು ಅಂತ ಬಂದೆ. ಈಗ ನಿಮ್ಮ ಮಿಷನ್ ಹೇಳುದು, ಉತ್ತರ ಬರ್ಲೇ ಇಲ್ಲ ಅಂತ."

"ಬೀಪಾತುಮ್ಮ, ನಿಲ್ಲಿ. ಏಳ್ಬೇಡಿ." ಕುರ್ಚಿಯನ್ನು ಯಂತ್ರದ ಕಡೆಗೆ ಎಳೆದುಕೊಂಡೆ. "ಉತ್ತರ ಉಂಟು. ನೀವು ಹೇಳಿದ ಹಾಗೇ ಉಂಟು. ನಾನು ತೆಗೆದದ್ದು. ನಿಮಗೆ ಬೇಸರ ಆಗ್ತದೆ ಅಂತ ತೆಗೆದೆ. ಒಂದು ನಿಮಿಷ."

'ಕ್ಯಾನ್ವಾಸ್' ಮುಂದೆ ಪುನಃ ಗುರುತು ಹಾಕಿದೆ. ಚಿತ್ರ ಪುನಃ ಶುರುವಾಯಿತು. ಹಮ್ಮಬ್ಬಾ. ಓ. ಪುತ್ತಬ್ಬಾ. ಓ. ನಾನು ಪರದೆ ನೋಡಲಿಲ್ಲ, ಆಕೆಯ ಮುಖ ನೋಡುತ್ತಿದ್ದೆ. ಮೊದಲ ಓ ಕೇಳಿದಾಗ ಆಕೆ ಕಣ್ಣು ಮುಚ್ಚಿದರು. ಮೂರನೆಯ ಸುತ್ತಿನಲ್ಲಿ ಇದಿನಬ್ಬನ ಉದ್ದದ ಓ ಬಂದು ಹೋಗುವ ತನಕ ತೆರೆಯಲಿಲ್ಲ.

ಮುಗಿಯಿತು. ಆಕೆ ಕಣ್ಣು ತೆರೆದು ನನ್ನನ್ನು ನೋಡಿ ನಕ್ಕರು. ಅಷ್ಟು ಮೃದುವಾಗಿ ನನ್ನನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ.

"ಚಂದ ಮಾಡಿದ್ದೀರಿ ಮೋಳೇ," ಎಂದರು.

"ಮಾಡಿದ್ದಲ್ಲ! ಇದ್ದದ್ದು. ಫಿಲ್ಮಿನಲ್ಲಿ ಇದ್ದದ್ದು. ನೋಡಿ, ಇಲ್ಲಿ ತಾರೀಕು ಉಂಟು, ಇವತ್ತು ನೀವು ಬರುವ ಆರು ದಿನ ಮೊದಲೇ ಅಳೆದದ್ದು."

"ತಾರೀಕು ಹಾಕುವವರೂ ನೀವೇ ಅಲ್ವಾ?"

"ನಮ್ಮ ಡಾಕ್ಟರ್ ಬರ್ತಾರೆ. ಅವರನ್ನೇ ಕೇಳಿ."

"ಅವರು ನಿಮ್ಮ ಯಜಮಾನರು. ಇಲ್ಲ ಅಂತ ಹೇಳ್ತಾರಾ?" ಬೀಪಾತುಮ್ಮ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಬೀಡಿಯೆಲೆ ಕತ್ತರಿಸಿ ಕತ್ತರಿಸಿ ಒರಟಾದ ಬೆರಳು. "ನಿಮ್ಮ ಮೇಲೆ ನನಗೆ ಎಂತ ಸಿಟ್ಟಿಲ್ಲ. ಅಜ್ಜನದ್ದು ಒಂದು ಫೋಟೋ ಇತ್ತು, ಅರ್ಧ ಮಾಸಿದ್ದು. ಸ್ಟುಡಿಯೋದವನಿಗೆ ಸರಿಮಾಡ್ಲಿಕ್ಕೆ ಕೊಟ್ಟೆ. ಗಡ್ಡ ಇಷ್ಟುದ್ದ ಇತ್ತು ಅಂತ ಬಾಯಿತಪ್ಪಿ ಹೇಳಿದೆ. ಅವ ಇಷ್ಟುದ್ದ ಗಡ್ಡ ಮಾಡಿ ಕೊಟ್ಟ. ಈಗ ಆ ಫೋಟೋದಲ್ಲಿ ಅಜ್ಜ ಎಷ್ಟು, ಸ್ಟುಡಿಯೋದವ ಎಷ್ಟು, ನನಗೆ ಗೊತ್ತಾಗುದಿಲ್ಲ. ಅದಕ್ಕೇ ಈ ಸಲ ಬಾಯಿ ಬಿಡ್ಬಾರದು, ತಾನಾಗಿ ಬಂದ್ರೆ ಮಾತ್ರ ನಿಜ ಅಂತ ಮಾಡಿದ್ದೆ. ನೀವು ಅವತ್ತು ಕೇಳಿದಾಗಲೂ ಹೇಳ್ಲಿಲ್ಲ. ಈಗ ನಾನೇ ಹೇಳಿದೆ. ಇನ್ನು ಬಂದ್ರೆ ಅದು ನಾನು ಹೇಳಿದ್ದಕ್ಕೆ ಬಂದದ್ದು."

"ನಾನು ಸುಳ್ಳು ಹೇಳುದಿಲ್ಲ ಬೀಪಾತುಮ್ಮ," ಎಂದೆ. ಹೇಳುವಾಗಲೇ ಆ ಮಾತು ಎಷ್ಟು ಪೊಳ್ಳೆಂದು ಗೊತ್ತಾಯಿತು. ಹತ್ತು ನಿಮಿಷದ ಹಿಂದೆ ಇದೇ ಬಾಯಿ, ಇದೇ ಕುರ್ಚಿಯಲ್ಲಿ ಕೂತು, ಬೇರೆ ಸ್ವರ ಇಲ್ಲ ಎಂದು ಹೇಳಿತ್ತು.

"ನನಗೆ ಬೇಸರ ಆಗ್ಬಾರದು ಅಂತ ಮೊದಲು ಒಂದು ಕೇಳಿಸಿದ್ರಿ. ಬೇಸರ ಆಯ್ತು ಅಂತ ಈಗ ಇನ್ನೊಂದು ಕೇಳಿಸಿದ್ರಿ. ನೀವು ಒಳ್ಳೆಯವರು," ಎಂದು ಆಕೆ ಎದ್ದರು.

ಕಡವಿನ ತನಕ ಜೊತೆಗೆ ಹೋದೆ. ದಾರಿಯುದ್ದಕ್ಕೂ ವಾದಿಸಿದೆ, ಶಪಥ ಮಾಡಿದೆ, ಒಮ್ಮೆ ನಡುರಸ್ತೆಯಲ್ಲಿ ಅತ್ತೆ. ಆಕೆ ನನ್ನ ಬೆನ್ನು ಸವರಿ ಹೂಂ ಹೂಂ ಎನ್ನುತ್ತಿದ್ದರು, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. ಮೀನಿನ ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ದೋಣಿಯಲ್ಲಿ ಕೂತರು. ಊರಲ್ಲಿ ಯಾರಿಗೂ ಏನೂ ಹೇಳಬೇಡಿ, ಇದ್ದ ಹಾಗೇ ಇರಲಿ ಎಂದರು.

ಸಿಕ್ವೇರಾ ಮರಳಿದ ದಿನ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದರು. "ಇಷ್ಟು ಶುದ್ಧವಾಗಿ ಸಿಕ್ಕಿದ್ದು ನಮ್ಮ ಕೇಂದ್ರದಲ್ಲಿ ಇದೇ ಮೊದಲು," ಎಂದರು. ಇಬ್ಬರೂ ಸೇರಿ ಕಡವುಬೆಂಗ್ರೆಗೆ ಹೋದೆವು. ಬೀಪಾತುಮ್ಮ ಚಹಾ ಕೊಟ್ಟರು, ತುಪ್ಪದ ರೊಟ್ಟಿ ಕೊಟ್ಟರು, ಡಾಕ್ಟರು ವಿವರಿಸಿದ್ದನ್ನೆಲ್ಲ ತಲೆಯಾಡಿಸಿ ಕೇಳಿದರು. ಎಲ್ಲ ಮುಗಿದ ಮೇಲೆ, "ಇವಳನ್ನು ಕೆಲಸದಿಂದ ತೆಗೀಬೇಡಿ ಸರ್. ಪಾಪ, ಮನಸ್ಸು ಒಳ್ಳೆದು," ಎಂದು ಅವರಿಗೆ ಕೈಮುಗಿದರು.

ಮಳೆಗಾಲ ಮುಗಿಯುವ ಮೊದಲು ಬೀಪಾತುಮ್ಮ ತೀರಿಕೊಂಡರು. ಕೊನೆಯ ವಾರಗಳಲ್ಲಿ ಅವರು ಅಜ್ಜನ ಮಾತು ಎತ್ತುತ್ತಿರಲಿಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದಳು. ಎಪ್ಪತ್ತು ವರ್ಷ ಒಬ್ಬಳೇ ಹಿಡಿದುಕೊಂಡಿದ್ದ ನಂಬಿಕೆ ಅದು. ಅದನ್ನು ಅವರ ಕೈಯಿಂದ ಬಿಡಿಸಿದ್ದು ಊರಲ್ಲ, ನಾನು.

ಹತ್ತೊಂಬತ್ತನೆಯ ರೀಲು ಈಗ ಎಲ್ಲರಿಗೂ ತೆರೆದಿದೆ. ಯಾವ ದೇಶದವರು ಬೇಕಾದರೂ ಕೇಳಬಹುದು, ಕೇಳುತ್ತಾರೆ, ಯಂತ್ರವನ್ನು ಹೊಗಳಿ ಪತ್ರ ಬರೆಯುತ್ತಾರೆ. ಅದರಲ್ಲಿ ಚೆಯ್ಯಬ್ಬ ಕರೆಯುತ್ತಾನೆ, ಐದು ಜನ, ಮೂರು ಜನ, ಒಬ್ಬ ಓ ಎನ್ನುತ್ತಾರೆ, ಒಂದು ಉಸಿರೂ ಬಿಡದೆ ಎಲ್ಲವೂ ಇದೆ. ಅವನು ಸುಳ್ಳು ಹೇಳಿರಲಿಲ್ಲ. ಅದನ್ನು ತಿಳಿಯಬೇಕಾಗಿದ್ದವಳು ಲೋಕದಲ್ಲಿ ಒಬ್ಬಳೇ ಇದ್ದಳು, ಅವಳು ಅದನ್ನು ತನ್ನ ಕಿವಿಯಿಂದಲೇ ಕೇಳಿ, ನಾನು ಮಾಡಿಕೊಟ್ಟದ್ದೆಂದು ತಿಳಿದು ಹೋದಳು.